ಬಾಯಿ ಬಿಡದ ಪರೀಕ್ಷೆ

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಆ್ಯಪ್ ಡಿಸೈನ್ ಕಲಿಸುವ ಸರ್ ಒಂದು ನಿಯಮ ಹಾಕಿದ್ದರು. ಬಳಸುವವರ ಕೈಗೆ ಫೋನ್ ಕೊಟ್ಟ ಮೇಲೆ ನಾವು ಬಾಯಿ ಬಿಡಬಾರದು. ಅವರು ಎಲ್ಲಿ ಎಡವುತ್ತಾರೆ ಎಂದು ಸುಮ್ಮನೆ ನೋಡಬೇಕು.

ನಾನು ಮಾಡಿದ್ದು ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಆ್ಯಪ್. ಅದರ ಲೋಗೋಗೆ ಸರಿಯಾದ ಕೆಂಪು ಹುಡುಕುವುದರಲ್ಲೇ ಒಂದು ವಾರ ಹೋಗಿತ್ತು. ಅಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಹಣ್ಣು ಮಾರುವ ಶರಣಮ್ಮನ ಕೈಗೆ ನನ್ನ ಫೋನ್ ಕೊಟ್ಟು, "ಇದ್ರಾಗ ನಿಮ್ಮ ಹಣ್ಣು ಮಾರಾಕ ಇಡ್ರಿ" ಎಂದು ಹೇಳಿ ಪಕ್ಕದಲ್ಲಿ ಕುಳಿತೆ.

"ಮುಂದ ಎಲ್ಲಿ ಒತ್ತಬೇಕವ್ವ?" ಎಂದಳು. ನಾನು ಸುಮ್ಮನಿದ್ದೆ. ಮತ್ತೆ ಕೇಳಿದಳು. ನಾನು ಫೋನನ್ನೇ ನೋಡುತ್ತ ಕುಳಿತೆ. ಆಕೆ ನನ್ನ ಮುಖ ನೋಡಿ, ಒಂದು ಹಣ್ಣು ಸುಲಿದು ಕೈಗಿಟ್ಟಳು. ತಿಂದೆ. ತಿನ್ನಬಾರದು ಎಂದು ಸರ್ ಹೇಳಿರಲಿಲ್ಲ.

ಆಮೇಲೆ ಆಕೆ ಫೋನಿನ ಮೇಲೆ ಬೆರಳಾಡಿಸಿ, 'ಅವ್ವ' ಎಂದಿದ್ದ ನಂಬರ್ ಒತ್ತಿ ಕಿವಿಗೆ ಹಿಡಿದಳು.

"ನೀವು ಈ ಹುಡುಗಿ ಅವ್ವ ಏನ್ರಿ? ಕಮಲಾಪುರದಾಗ ನನ್ನ ಬಾಜೂಕ ಕುಂತಾಳ. ಏನ್ ಕೇಳಿದ್ರೂ ಮಾತಾಡವಲ್ಲಳು. ಮನ್ಯಾಗ ಏನರ ಜಗಳ ಆಗ್ಯಾದೇನ್ರಿ?"

ನಾನು ನಿಯಮ ಮುರಿದು, ಫೋನ್ ಕಸಿದುಕೊಂಡು, "ಅವ್ವಾ, ನನಗೇನೂ ಆಗಿಲ್ಲ" ಎನ್ನುವಷ್ಟರಲ್ಲಿ ಅವ್ವ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟಾಗಿತ್ತು.

ಮರುದಿನ ಸರ್ ಕೇಳಿದರು. "ನೀ ಏನೂ ಹೇಳಿಕೊಡದೇ, ಆಕಿ ನಿನ್ನ ಆ್ಯಪಿನಾಗ ಏನ್ ಮಾಡಿದ್ಳು?"

"ಹೊರಗ ಬಂದ್ಳ್ರಿ ಸರ್" ಎಂದೆ.