ಬೆನಿಗ್ನೊನ ಗಂಟುಮೂಟೆ

ಒಬ್ದುಲಿಯಾಳ ಗಂಡ ಬೆನಿಗ್ನೊ ಸತ್ತದ್ದು ಚಳಿಗಾಲದಲ್ಲಿ. ಸತ್ತರೂ ಅವನು ಮನೆ ಬಿಟ್ಟು ಹೋಗಿಲ್ಲ ಎಂದು ಅವಳಿಗೆ ಖಚಿತವಾದದ್ದು ವಸಂತದಲ್ಲಿ, ಅಡುಗೆಮನೆಗೆ ಬಣ್ಣ ಬಳಿಯಲು ಹೊರಟಾಗ.

ಹೊಗೆ ಹಿಡಿದು ಕಂದಾಗಿದ್ದ ಆ ಗೋಡೆಗಳಿಗೆ ಹಳದಿ ಬಳಿಯಬೇಕೆಂದು ಮದುವೆಯಾದಾಗಿನಿಂದ ಅವಳು ಹೇಳುತ್ತಿದ್ದಳು. ಮದುವೆಯಾದಾಗಿನಿಂದ ಅವನು "ನೋಡೋಣ" ಎನ್ನುತ್ತಿದ್ದ. ಈಗ ಬಣ್ಣದ ಡಬ್ಬಿ ತೆರೆದರೆ ದೀಪ ಆರುತ್ತದೆ, ಹತ್ತಿದರೆ ಏಣಿ ಜಾರುತ್ತದೆ, ಬ್ರಷ್ ಕೈಗೆತ್ತಿಕೊಂಡರೆ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಮನೆಯ ವೈರಿಂಗ್ ಹಳೆಯದು, ಏಣಿಗೆ ಒಂದು ಕಾಲು ಗಿಡ್ಡ, ಉಕ್ಕುವುದು ಹಾಲಿನ ಸ್ವಭಾವ ಎಂದು ಪಕ್ಕದ ಮನೆಯವಳಾದ ನಾನು ವಿವರಿಸಿದೆ. ಶಾಲೆಯಲ್ಲಿ ಜೀವಮಾನವಿಡೀ ಲ್ಯಾಟಿನ್ ಕಲಿಸಿದವಳ ಮಾತಿಗೆ ನಮ್ಮೂರಿನಲ್ಲಿ ಬೆಲೆಯಿದೆ, ಲ್ಯಾಟಿನ್ ವಿಷಯದಲ್ಲಿ ಮಾತ್ರ.

"ನೀವು ಗಂಡನ ಜೊತೆ ಬಾಳಿದೋರಲ್ಲ ಟೀಚರಮ್ಮ, ನಿಮಗೆ ಗೊತ್ತಾಗಲ್ಲ," ಎಂದಳು ಒಬ್ದುಲಿಯಾ. "ಇವ್ರು ಬದುಕಿದ್ದಾಗ್ಲೂ ಹಿಂಗೇ. ಬೇಡ ಅಂತ ಬಾಯಿಬಿಟ್ಟು ಹೇಳ್ತಿರ್ಲಿಲ್ಲ. ಸುಮ್ನೆ ಏಣಿ ಬಚ್ಚಿಡೋರು."

ಕಾರಣ ಅವಳಿಗೆ ಗೊತ್ತಿತ್ತು. ಕಡಲಂಚಿನ ತೇಯ್ಶಿದೊದಲ್ಲಿ ಸಂತ ಆಂದ್ರೆಸನ ಇಗರ್ಜಿಯಿದೆ. ನಮ್ಮ ಗಲೀಸಿಯಾ ಸೀಮೆಯಲ್ಲಿ ಹುಟ್ಟಿದವರು ಒಮ್ಮೆ ಅಲ್ಲಿಗೆ ಹೋಗಿಬರಬೇಕು. ಬೆನಿಗ್ನೊ ಹೋಗಿರಲಿಲ್ಲ. ಹೋಗದೆ ಸತ್ತವರನ್ನು ಮನೆಯವರು ಸಮಾಧಿಯ ಬಳಿ ಆಹ್ವಾನಿಸಿ, ದಾರಿಯುದ್ದಕ್ಕೂ ಮಾತಾಡಿಸುತ್ತ ಕರೆದೊಯ್ಯುತ್ತಾರೆ. ಕರೆಯುವವರಿಲ್ಲದ ಆತ್ಮಗಳು ಹಲ್ಲಿಯೋ ಕಪ್ಪೆಯೋ ಹುಳುವೋ ಆಗಿ ತಾವೇ ತೆವಳಿಕೊಂಡು ಹೋಗುತ್ತವೆಂದು ನಂಬಿಕೆ. ಹಾಗಾಗಿ ಆ ದಾರಿಯಲ್ಲಿ ಯಾರೂ ಯಾವ ಜಂತುವನ್ನೂ ಕೊಲ್ಲುವುದಿಲ್ಲ. ಬಸ್ಸಿದೆ. ಆದರೆ ಬೆನಿಗ್ನೊಗೆ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತು. ಆದ್ದರಿಂದ ನಡಿಗೆ, ನಾಲ್ಕು ದಿನದ್ದು. ಒಬ್ದುಲಿಯಾಳ ಮಂಡಿನೋವಿಗೆ ಔಷಧಿ ಕೊಡುತ್ತಿದ್ದ ಡಾಕ್ಟರು ನಡೆಯಲು ಒಪ್ಪಿದರು, ಭಾರ ಹೊರಲು ಒಪ್ಪಲಿಲ್ಲ.

ಹೊರಡುವ ಬೆಳಿಗ್ಗೆ ಒಬ್ದುಲಿಯಾ ಅಂಗಳದ ಕಲ್ಲುಗೋಡೆಯ ಮೇಲೆ ಬೆನ್ನುಚೀಲವಿಟ್ಟು ಒಂದು ಜೊತೆ ಬಟ್ಟೆ, ಎರಡು ಜೊತೆ ಕಾಲುಚೀಲ ತುಂಬಿದ್ದಳು. ಅಷ್ಟರಲ್ಲಿ ಬೆನಿಗ್ನೊನ ತಂಗಿ ಎರುಂದಿನಾ ಬಂದಳು. ಅವಳೂ ಹೊರಟಿದ್ದಳು.

"ನಮ್ಮಣ್ಣನ ಕೊಡೆ ಎಲ್ಲಿ ಅತ್ತಿಗೆ?"

"ಸತ್ತೋರು ಮಳೇಲಿ ನೆನೀತಾರೇನೇ?"

"ಕೊಡೆ ಇಲ್ಲದೆ ಕೋಳಿಗೂಡಿಗೂ ಹೋಗ್ತಿರ್ಲಿಲ್ಲ ಅವ್ನು. ಸಾಮಾನು ಬಿಟ್ಟು ಕರೆದ್ರೆ ಬರ್ತಾನಾ? ಮನೇಲೇ ಕೂತ್ಕೋತಾನೆ. ಆಮೇಲೆ ನೀವುಂಟು, ನಿಮ್ಮ ಹಳದಿ ಬಣ್ಣ ಉಂಟು."

ಈ ಮಾತು ನಾಟಿತು. ಕೊಡೆ ಚೀಲದೊಳಗೆ ಹೋಯಿತು. ಅದರ ಹಿಂದೆ ಮರದ ಮೆಟ್ಟು, ಬೆಂಚಿನ ದಿಂಬು, ದ್ರಾಕ್ಷಿಯ ಸಾರಾಯಿ, ಒಂದು ಮಾಲೆ ಸಾಸೇಜು. ಡಾಮಿನೊ ಪೆಟ್ಟಿಗೆಯೂ ಬಂದಾಗ ನಾನು ಸುಮ್ಮನಿರಲಿಲ್ಲ.

"ಡಾಮಿನೊ ಆಡೋಕೆ ಜೊತೆಗೆ ಯಾರಿದ್ದಾರೆ?"

"ಆ ದಾರೀಲಿ ಸತ್ತೋರು ಬೇಕಾದಷ್ಟು ಜನ ಸಿಗ್ತಾರೆ ಬಿಡಿ ಟೀಚರಮ್ಮ," ಎಂದಳು ಎರುಂದಿನಾ.

ಒಬ್ದುಲಿಯಾ ಚೀಲವನ್ನು ಹೆಗಲಿಗೇರಿಸಿದಳು. ಒಂದು ಕ್ಷಣ ನೆಟ್ಟಗೆ ನಿಂತಳು. ಮರುಕ್ಷಣ ಹಿಂದಕ್ಕೆ ವಾಲಿ, ಅಂಗಳದಲ್ಲಿ ಹರವಿದ್ದ ಆಲೂಗಡ್ಡೆಯ ಮೇಲೆ ಅಂಗಾತವಾದ ಆಮೆಯಂತೆ ಕೈಕಾಲು ಆಡಿಸುತ್ತ ಬಿದ್ದಳು. ಮಂಡಿ ಟಕ್ಕೆಂದಿತು. ನಾವಿಬ್ಬರೂ ಎಳೆದು ಎಬ್ಬಿಸಿ, ಚೀಲವನ್ನು ಮತ್ತೆ ಗೋಡೆಯ ಮೇಲಿಟ್ಟೆವು.

"ಹೊತ್ತರೆ ನಾನು ಹೋಗಕ್ಕಾಗಲ್ಲ, ಬಿಟ್ಟರೆ ಇವ್ರು ಬರಲ್ಲ," ಎಂದಳು ಮಂಡಿ ತಿಕ್ಕುತ್ತ.

ಆಗ ಕಲ್ಲಿನ ಸಂದಿಯಿಂದ ಹಲ್ಲಿಯೊಂದು ಹೊರಬಂತು. ಬಿಸಿಲಿಗೆ ಕಾದ ಚೀಲದ ಮೇಲೇರಿ, ಅದರ ಬಾಯಿಯೊಳಗೆ ನುಸುಳಿತು.

"ಅಣ್ಣಾ!" ಎಂದು ಎರುಂದಿನಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಹಲ್ಲಿ," ಎಂದೆ ನಾನು.

ನನ್ನ ಮಾತು ಕೇಳುವವರಿರಲಿಲ್ಲ. ಅಣ್ಣ ಕೊಡೆಗೆ ಸಿಕ್ಕಿ ಅಪ್ಪಚ್ಚಿಯಾದಾನೆಂದು ಇಬ್ಬರೂ ಒಂದೊಂದೇ ಸಾಮಾನನ್ನು ಎತ್ತತೊಡಗಿದರು. ಹಲ್ಲಿ ಕೊಡೆಯಿಂದ ಮೆಟ್ಟಿಗೆ ಓಡಿತು, ಮೆಟ್ಟಿನಿಂದ ದಿಂಬಿನಡಿಗೆ, ಅಲ್ಲಿಂದ ಡಾಮಿನೊ ಪೆಟ್ಟಿಗೆಯ ಹಿಂದೆ. ಒಬ್ದುಲಿಯಾಳ ಬಟ್ಟೆಯೂ ಹೊರಬಂದು ಚೀಲ ಬರಿದಾದ ಮೇಲೆ ತಳದಲ್ಲಿ ಕಾಲು ಚಾಚಿ ಮಲಗಿತು.

ಒಬ್ದುಲಿಯಾಳ ಮುಖ ಅರಳಿತು. "ನೋಡಿದ್ಯಾ? ನಿಮ್ಮಣ್ಣನಿಗೆ ಯಾವ ಸಾಮಾನೂ ಬೇಡವಂತೆ."

"ದಾರೀಲಿ ಮನಸ್ಸು ಬದಲಾಯಿಸಿದ್ರೆ?"

"ಅದಕ್ಕೇ ನೀನು ಹೊತ್ಕೊಂಡು ಬಾ. ನನ್ನ ಬಟ್ಟೇನೂ ನಿನ್ನ ಚೀಲಕ್ಕೇ ಹಾಕ್ಕೋ. ಇವ್ರ ತಲೆ ಮೇಲೆ ಹೇರೋಕಾಗುತ್ತಾ?"

ಹೀಗೆ ಒಬ್ದುಲಿಯಾ ಒಂದು ಹಲ್ಲಿಯನ್ನು ಬೆನ್ನಿಗೆ ಹಾಕಿಕೊಂಡು, ಸಮಾಧಿಗೆ ಹೋಗಿ "ಹೆಂಗೂ ಹೊರಟಿದ್ದೀರಿ, ಬನ್ನಿ" ಎಂದು ಶಾಸ್ತ್ರಕ್ಕೆ ಕರೆದು, ತೇಯ್ಶಿದೊ ದಾರಿ ಹಿಡಿದಳು. ನಾನೂ ಹೋದೆ. ಚೀಲದ ಬಾಯಿ ತುಸು ತೆರೆದಿದೆಯೇ, ಹಲ್ಲಿಗೆ ನೀರು ಸಿಕ್ಕಿತೇ ಎಂದು ನೋಡಲು ಒಬ್ಬರು ಬೇಕಿತ್ತು. ಎರಡನೆಯ ದಿನ ಅದಕ್ಕೆಂದು ನೊಣವೊಂದನ್ನು ಹಿಡಿದೆ.

"ಬಿಡಿ ಟೀಚರಮ್ಮ!" ಇಬ್ಬರೂ ಕಿರುಚಿದರು. "ಅದು ಯಾರ ಗಂಡನೋ ಏನೋ!"

ಬಿಟ್ಟೆ. ನೊಣ ನೇರವಾಗಿ ಚೀಲದೊಳಗೆ ಹೋಯಿತು, ಹೊರಗೆ ಬರಲಿಲ್ಲ. ಯಾರ ಗಂಡನೆಂದು ನಾನು ವಿಚಾರಿಸಲಿಲ್ಲ.

ಎರುಂದಿನಾಳ ಭಕ್ತಿ ಏರುದಾರಿಗಳಲ್ಲಿ ಕರಗಿತು. ಸಾರಾಯಿ ಮತ್ತು ಸಾಸೇಜನ್ನು ಅಣ್ಣನ ಪರವಾಗಿ ತಾನೇ ಮುಗಿಸಿದಳು. ಯಾತ್ರಿಕರು ಒಂದೊಂದು ಕಲ್ಲಿಟ್ಟು ಬೆಳೆಸಿದ ಗುಡ್ಡೆಯ ಮೇಲೆ ಕೊಡೆ, ದಿಂಬು, ಮೆಟ್ಟು, ಡಾಮಿನೊ ಎಲ್ಲವನ್ನೂ ಇಟ್ಟು ಕೈ ಮುಗಿದಳು. "ಅವ್ನು ಮನಸ್ಸು ಬದಲಾಯಿಸೋನಲ್ಲ ಬಿಡಿ ಅತ್ತಿಗೆ," ಎಂದಳು.

ಇಗರ್ಜಿಯ ಮುಂದೆ ಒಬ್ದುಲಿಯಾ ಚೀಲವನ್ನು ನೆಲಕ್ಕಿಟ್ಟು ಬಾಯಿ ಅಗಲಿಸಿದಳು. ಹಲ್ಲಿ ಬಂತು. ಸರಸರನೆ ಗೋಡೆ ಹತ್ತಿ, ಬಿಸಿಲು ಬೀಳುವ ಕಲ್ಲು ಹುಡುಕಿ, ಹೊಟ್ಟೆ ಹಾಸಿ ಕಣ್ಣು ಮುಚ್ಚಿತು.

"ತಿರುಗೂ ನೋಡ್ಲಿಲ್ಲವಲ್ಲ ಅತ್ತಿಗೆ!" ಎಂದು ಎರುಂದಿನಾ ಬಿಕ್ಕಿದಳು.

"ಇನ್ನು ಅನುಮಾನಾನೇ ಇಲ್ಲ," ಎಂದಳು ಒಬ್ದುಲಿಯಾ. "ಇವ್ರೇ."

ಊರಿಗೆ ಮರಳಿದ ವಾರವೇ ಅಡುಗೆಮನೆ ಹಳದಿಯಾಯಿತು. ಕೊನೆಯ ಗೋಡೆ ಬಳಿಯುವಾಗ ಏಣಿ ಜಾರಿ, ಅವಳು ಬಣ್ಣದ ಡಬ್ಬಿಯ ಸಮೇತ ಕೆಳಗೆ ಬಂದಳು. ಸದ್ದು ಕೇಳಿ ನಾನು ಓಡಿದೆ. ತಲೆಯಿಂದ ಹಳದಿ ಇಳಿಯುತ್ತಿತ್ತು.

"ಟೀಚರಮ್ಮ," ಎಂದಳು ಆಶ್ಚರ್ಯದಿಂದ, "ಈ ಏಣಿಗೆ ಒಂದು ಕಾಲು ಗಿಡ್ಡ ಇದೆ, ನಿಮಗೆ ಗೊತ್ತಿತ್ತಾ?"