ಹೆಸರು ಬರೆದವನು

ಹಕಿಜಾನನ್ನು ಮಣ್ಣು ಮಾಡುತ್ತಿದ್ದಾಗ ಅವನ ತಾಯಿ ಮುಕಾಂಡೋರಿ ಬಗ್ಗಿ ಒಂದು ಕರಿಗಲ್ಲನ್ನು ಎತ್ತಿಕೊಂಡಳು. ಮಗನ ಗುಂಡಿಗೆ ಹಾಕಲಿಕ್ಕೆಂದು ಎಲ್ಲರೂ ತಿಳಿದರು. ಅವಳು ಅದನ್ನು ಸೆಬಾಗೆಂಜಿಯ ಮುಖಕ್ಕೆ ಬೀಸಿ ಒಗೆದಳು. ಅವನ ಮುಂದಿನ ಎರಡು ಹಲ್ಲು ಮುರಿದವು, ತುಟಿ ಸೀಳಿತು, ಸಾವಿನ ಮನೆಗೆಂದು ತೊಟ್ಟು ಬಂದಿದ್ದ ಬಿಳಿ ಅಂಗಿ ಎದೆಯವರೆಗೆ ಕೆಂಪಾಯಿತು.

"ಬರ್ದಿದ್ದು ಇದೇ ಕೈ ಅಲ್ವೇನೋ! ಒಂಬತ್ತನೇ ಹೆಸ್ರು ನನ್ ಮಗಂದು. ಎಣಿಸಿ ಹೇಳಿ ಹೋದ ನಂಗೆ. ನಿಂದು ಎಷ್ಟನೇದಿತ್ತೋ, ಅಧ್ಯಕ್ಷಾ?"

ಯಾರೂ ಅವಳ ಕೈ ಹಿಡಿಯಲಿಲ್ಲ. ಸೆಬಾ ಬಾಯಿ ತುಂಬಿದ ರಕ್ತವನ್ನು ನುಂಗಿ ನಿಂತಲ್ಲೇ ನಿಂತ. ಆ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ.

ಸೆಬಾ ಕಿರಾಂಬೊ ಊರಿನ ಚುಕುಡುದಾರರ ಅಧ್ಯಕ್ಷ. ನೀಲಗಿರಿ ದಿಮ್ಮಿ ಕೆತ್ತಿ ಎರಡು ಗಾಲಿ ಕಟ್ಟಿದ ಚುಕುಡು ಬಂಡಿಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ನೆಲ ಒದೆಯುತ್ತ, ಆರು ಮೂಟೆ ಆಲೂಗಡ್ಡೆ ಹೇರಿಕೊಂಡು ಗೋಮಾ ಪಟ್ಟಣಕ್ಕೆ ಹೋಗುವ ಇಳಿಜಾರನ್ನು ಹತ್ತೊಂಬತ್ತು ವರ್ಷ ಇಳಿದವನು. ಅವನ ಬಲಮೊಣಕಾಲು ಎಮ್ಮೆಯ ಗೊರಸಿನಂತೆ ಗಟ್ಟಿಯಾಗಿತ್ತು. ಅಧ್ಯಕ್ಷನಾದದ್ದು ಧೈರ್ಯಕ್ಕಲ್ಲ, ಅಕ್ಷರಕ್ಕೆ. ಸಂತೆಯ ದಿನ ಯಾರು ಮೊದಲು ಹೇರಬೇಕು, ಬ್ರೇಕು ಹೋಗಿ ಬಿದ್ದವನನ್ನು ಯಾರು ಆಸ್ಪತ್ರೆಗೆ ಒಯ್ಯಬೇಕು ಎಂದು ಬರೆಯಲು ಅರವತ್ತು ಜನರಲ್ಲಿ ಒಬ್ಬ ಬೇಕಿತ್ತು. ಗೆಳೆಯ ಬಿಗಾಬೊ ಸದಾ ಕಿಚಾಯಿಸುತ್ತಿದ್ದ: "ನಮ್ ಅಧ್ಯಕ್ರು ನಾಯಿ ಬೊಗಳಿದ್ರೂ ದಾರಿ ಬಿಟ್ಕೊಡ್ತಾರೆ. ಅಷ್ಟು ಮರ್ಯಾದಸ್ತರು."

ಆ ಮಳೆಗಾಲದ ಕೊನೆಗೆ ಬಂದೂಕಿನವರು ಬಂದು ಶಾಲೆಯಲ್ಲಿ ಬೀಡುಬಿಟ್ಟರು. ಅವರ ವೈರಿಗಳು ಎದುರು ಗುಡ್ಡ ಹಿಡಿದು ಕೂತಿದ್ದರು. ಜ್ವಾಲಾಮುಖಿಯ ಕರಿಬಂಡೆ ಹಾಸಿದ ಗುಡ್ಡದ ದಾರಿಯಲ್ಲಿ ಲಾರಿ ಹತ್ತುವುದಿಲ್ಲ. ಚುಕುಡು ದೂಡಿದರೆ ಹತ್ತುತ್ತದೆ. ಶಾಲೆಯಲ್ಲಿದ್ದವರ ಕಪ್ತಾನ ಸೆಬಾನನ್ನು ಕರೆಸಿ, "ಗುಂಡು ಸಾಗಿಸೋಕೆ ಹನ್ನೆರಡು ಜನ, ಹನ್ನೆರಡು ಚುಕುಡು. ಹೆಸರು ಬರ್ಕೊಡು," ಎಂದ. ಸೆಬಾ ಅಲ್ಲೇ ತೊಡೆಯ ಮೇಲೆ ಕಾಗದವಿಟ್ಟು ಬರೆದುಕೊಟ್ಟ. ಮದುವೆಯಾಗದವರನ್ನೇ ಆರಿಸಿದ. ಅದೇ ನ್ಯಾಯ ಎಂದುಕೊಂಡ. ಬಿಗಾಬೊ ಒಬ್ಬ ಮಾತ್ರ ಯಾರೂ ಕರೆಯದೆ ಅವರ ಹಿಂದೆ ಹೋದ, ದಾರಿ ತೋರಿಸಲು.

ಸಿಡಿಗುಂಡಿನ ಪೆಟ್ಟಿಗೆ ಹೇರಿಕೊಂಡು ಅವರು ಅರ್ಧ ಗುಡ್ಡ ಹತ್ತಿದಾಗ ಎದುರಿನಿಂದ ಒಂದು ಗುಂಡು ಸಾಲಿನ ನಡುವೆ ಬಿತ್ತು. ಪೆಟ್ಟಿಗೆಗಳು ಒಂದಾದ ಮೇಲೊಂದು ಸಿಡಿದವು. ಏಳು ಜನ ಹೋದರು. ಹಕಿಜಾನನ್ನು ಅವನದೇ ಚುಕುಡುವಿನ ಮೇಲೆ ಬಿಗಾಬೊ ತಂದ. ತಾಡಪಾಲಿನಲ್ಲಿ ಸುತ್ತಿ, ಮೂಟೆಯಂತೆ ಹಗ್ಗ ಬಿಗಿದು ತಂದ, ಬಿಡಿಸಿದರೆ ಜೋಡಿಸಲು ಏನೂ ಉಳಿದಿರಲಿಲ್ಲ.

ಕಲ್ಲೇಟು ತಿಂದ ಮೇಲೂ ಜನ ಸೆಬಾನ ಮನೆಗೇ ಬರುತ್ತಿದ್ದರು. "ಮುಂದೇನ್ ಮಾಡೋದು ಅಧ್ಯಕ್ರೇ?" ಅವನಿಗೂ ಅದೇ ಪ್ರಶ್ನೆ ಯಾರನ್ನಾದರೂ ಕೇಳಬೇಕಿತ್ತು. ಪಾದ್ರಿಯ ಬಳಿ ಹೋದ. ಇಗರ್ಜಿಗೆ ಬೀಗ ಬಿದ್ದಿತ್ತು. ಹೆಂಡತಿಯನ್ನು ಕೇಳಿದ, ಅವಳು ಗಂಟು ಕಟ್ಟುತ್ತ, "ಗೋಮಾಕ್ಕೆ ನಮ್ಮಣ್ಣನ ಮನೆಗ್ ಹೋಗಣ ಬನ್ನಿ. ಊರಿಗೆಲ್ಲ ನೀವೊಬ್ರೇನಾ ಗಂಡಸು?" ಎಂದಳು. ಅವಳನ್ನು ಕಳಿಸಿ ತಾನು ಉಳಿದ. ಹಿಂದಿನ ಅಧ್ಯಕ್ಷ ರುಗೆರಾ ಮುದುಕನ ಬಳಿ ಹೋದ. ಅವನು ಬಾಳೆಹಣ್ಣಿನ ಮದ್ಯ ಬಗ್ಗಿಸುತ್ತ ಹೇಳಿದ: "ಕೇಳ್ದಾಗ ಬರ್ದುಕೊಡ್ಬೇಕು. ಬರ್ದು ಮರ್ತುಬಿಡ್ಬೇಕು. ನಾನು ಮರ್ತಿಲ್ವಾ?" ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಮದ್ಯ ಲೋಟದ ಹೊರಗೆ ಸುರಿದು ನೆಲದ ಪಾಲಾಗಿತ್ತು.

ಹಕಿಜಾನನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ಕಪ್ತಾನ ಮತ್ತೆ ಕರೆಸಿದ. "ಬಾಯಿಗೆ ಹೊಲಿಗೆ ಹಾಕಿಸ್ಕೊಂಡಿಲ್ವಾ? ತೆಗಿ, ನೋಡಣ." ಸೆಬಾ ಬಾಯಿ ತೆರೆದ. ಮುರಿದ ಹಲ್ಲುಗಳ ಸಂದಿಗೆ ಕಪ್ತಾನ ಪಿಸ್ತೂಲಿನ ಮೂತಿ ತೂರಿಸಿ, ಗಂಟಲವರೆಗೆ ಒತ್ತಿದ. "ನಾಳೆ ಮಧ್ಯಾಹ್ನಕ್ಕೆ ಮೂವತ್ತು ಹೆಸರು. ಒಂದ್ ಕಮ್ಮಿಯಾದ್ರೂ ಊರಿಗೆ ಬೆಂಕಿ." ಸೆಬಾ ವಾಂತಿ ಮಾಡಿಕೊಂಡ. ಸಿಪಾಯಿಗಳು ನಕ್ಕರು.

ಮರುದಿನ ಬೆಳಗಾಗುತ್ತಲೇ ಅವನ ಕಾಲು ಅವನನ್ನು ಮುಕಾಂಡೋರಿಯ ಅಂಗಳಕ್ಕೆ ಒಯ್ದಿತು. ಊರಿನಲ್ಲಿ ಅವನಿಗೆ ಸುಳ್ಳು ಹೇಳದವಳು ಅವಳೊಬ್ಬಳೇ ಆಗಿದ್ದಳು. ಅವಳು ಕೊಡಲಿಯಿಂದ ಸೌದೆ ಸೀಳುತ್ತಿದ್ದಳು.

"ಇನ್ನೊಂದ್ ಕಲ್ಲು ಬೇಕಾಗಿತ್ತಾ?"

"ಮೂವತ್ ಹೆಸ್ರು ಕೇಳಿದಾನೆ ಅಮ್ಮಾ."

"ಬರ್ಕೊಡು. ಅಕ್ಷರ ಬರತ್ತಲ್ಲ."

"ಕೈ ಏಳ್ತಿಲ್ಲ."

ಅವಳು ಕೊಡಲಿಯನ್ನು ದಿಮ್ಮಿಗೆ ನೆಟ್ಟು ಅವನನ್ನೇ ನೋಡಿದಳು. "ಮೊದಲ್ನೇ ಹೆಸ್ರು ನಿಂದು ಬರಿ. ಆಮೇಲ್ ನೋಡು, ಏಳತ್ತೋ ಇಲ್ವೋ. ಆವತ್ತೇ ಬರ್ದಿದ್ರೆ ನಿನ್ ಮೂತಿ ನೆಟ್ಟಗಿರ್ತಿತ್ತು."

"ನಂದೊಂದು ಬರ್ದ್ರೆ ಮಿಕ್ಕ ಇಪ್ಪತ್ತೊಂಬತ್ತು?"

"ಮಿಕ್ಕೋರಿಗೆ ಕಾಲಿಲ್ವಾ? ಓಡ್ಲಿ."

"ರಸ್ತೆಯ ಎರಡೂ ಕಡೆ ಕಾವಲಿದೆ. ಚುಕುಡು ತಗೊಂಡ್ ಹೋಗೋಕೆ ಬೇರೆ ದಾರಿಯಿಲ್ಲ. ಬಿಟ್ ಹೋಗೋಕೆ ಯಾರ್ಗೂ ಮನಸಿಲ್ಲ. ಬಿಟ್ಟೋದ್ರೆ ಅವ್ರು ಅದನ್ನೇ ತಳ್ಳಿಸ್ಕೊಂಡು ಗುಂಡು ಸಾಗಿಸ್ತಾರೆ."

ಮುಕಾಂಡೋರಿ ಸೀಳಿದ ಸೌದೆಯನ್ನು ಕಾಲಿನಿಂದ ಬದಿಗೆ ತಳ್ಳಿದಳು. "ಒಂದು ಕಟ್ಟಿಗೆಯ ಆಸೆಗೆ ಕೂತು ಸಾಯ್ತೀರಿ," ಎಂದು ಗೊಣಗಿ ಒಳಗೆ ಹೋದಳು. ಮಗನ ಚುಕುಡುವನ್ನು ಎಳೆದು ತಂದಳು. ಅದರ ಹಲಗೆಯ ಮೇಲಿನ ಕಲೆ ಕಪ್ಪಾಗಿ ಒಣಗಿತ್ತು. "ಹಿಡ್ಕೋ ಕೊಡಲಿ. ನಾನು ತಳ್ತೀನಿ. ನಡಿ ಸಂತೆಕಟ್ಟೆಗೆ."

ಸಂತೆಕಟ್ಟೆಯಲ್ಲಿ ಮಗನ ಚುಕುಡುವಿಗೆ ಮೊದಲ ಪೆಟ್ಟು ಅವಳದೇ. ಜನ ಓಡಿಬಂದರು. ಮೂರನೇ ಪೆಟ್ಟಿಗೆ ದಿಮ್ಮಿ ಬಿರಿಯಿತು. ಅವಳು ಅಳುತ್ತಿರಲಿಲ್ಲ, ಹಲ್ಲು ಕಚ್ಚಿ ಕೊಚ್ಚುತ್ತಿದ್ದಳು. ಎರಡನೆಯದು ಸೆಬಾನ ಚುಕುಡು. ಹತ್ತೊಂಬತ್ತು ವರ್ಷ ಮೊಣಕಾಲೂರಿದ ಜಾಗಕ್ಕೇ ಅವನು ಕೊಡಲಿ ಇಳಿಸಿದ. ಆಮೇಲೆ ಕಾಗದ ತೆಗೆದು ಎಲ್ಲರೆದುರು ತನ್ನ ಹೆಸರು ಬರೆದ. ಕೈ ಎದ್ದಿತು.

"ಪಟ್ಟಿ ಮುಗೀತು. ಇದು ನಾನು ಕೊಡೋದು. ನೀವು ನಿಮ್ಮ ಬಂಡಿ ಮುರ್ದು, ಕರಿಬಂಡೆ ದಾಟಿ ಓಡಿ. ಕಾವಲಿರೋದು ರಸ್ತೆಗೆ ಮಾತ್ರ."

ಎಲ್ಲರೂ ಒಪ್ಪಲಿಲ್ಲ. ಒಬ್ಬ ಅವನ ಕೊರಳಪಟ್ಟಿ ಹಿಡಿದು, "ನಿನ್ ಪಾಪ ತೊಳ್ಕೊಳ್ಳೋಕೆ ನನ್ ಅನ್ನ ಮುರೀಬೇಕೇನೋ?" ಎಂದು ಕೆನ್ನೆಗೆ ಬಾರಿಸಿದ. ಹೊಲಿಯದ ತುಟಿ ಮತ್ತೆ ಒಡೆಯಿತು. ಸೆಬಾ ಕೈ ಎತ್ತಲಿಲ್ಲ. ಕೊನೆಗೆ ಆ ಮನುಷ್ಯನೇ ಮಚ್ಚು ತಂದು, ಬೈಯುತ್ತ, ತನ್ನ ಬಂಡಿಯ ಗಾಲಿ ಕಡಿದ. ಸೂರ್ಯ ನೆತ್ತಿಗೇರುವ ಹೊತ್ತಿಗೆ ಕಟ್ಟೆಯ ಮೇಲೆ ಐವತ್ತಕ್ಕೂ ಹೆಚ್ಚು ಚುಕುಡುಗಳ ಚಕ್ಕೆ ರಾಶಿಬಿದ್ದಿತ್ತು. ಗಂಡಸರೆಲ್ಲ ಬಂಡೆಗಳ ನಡುವೆ ಕರಗಿಹೋದರು. ಬಿಗಾಬೊ ಮಾತ್ರ ರಾಶಿಯ ಮೇಲೆ ಕೂತು ಜೋಳ ಮೆಲ್ಲುತ್ತಿದ್ದ.

"ನೀನೂ ಹೋಗೋ."

"ನಿಮ್ಮೊಬ್ರನ್ನೇ ಬಿಟ್ರೆ ಕಪ್ತಾನಂಗೂ ದಾರಿ ಬಿಟ್ಕೊಟ್ಟೀರಿ. ಇರ್ತೀನಿ."

ಮಧ್ಯಾಹ್ನ ಸಿಪಾಯಿಗಳೊಂದಿಗೆ ಬಂದ ಕಪ್ತಾನ ರಾಶಿಯನ್ನು ನೋಡಿದ, ಸೆಬಾ ಕೊಟ್ಟ ಕಾಗದ ನೋಡಿದ. "ಒಂದೇ ಹೆಸರು."

"ಇನ್ನೊಂದಿದೆ ಸ್ವಾಮಿ," ಎಂದ ಬಿಗಾಬೊ. "ನಂದು. ಕಾಗುಣಿತ ಕಷ್ಟ ಅಂತ ಬರ್ದಿಲ್ಲ."

ಕಪ್ತಾನ ಹಾರಿಸಿದ ಗುಂಡು ಅವನ ಕುತ್ತಿಗೆಗೆ ತಾಗಿತು. ಬಾಯಲ್ಲಿ ಜೋಳ ಇದ್ದಂತೆಯೇ ಅವನು ಚಕ್ಕೆಗಳ ಮೇಲೆ ಒರಗಿ, ಎರಡು ಸಲ ಕಾಲು ಒದೆದು ಸುಮ್ಮನಾದ. ಕೂಗಲು ಬಾಯ್ತೆರೆದ ಸೆಬಾನನ್ನು ಸಿಪಾಯಿಗಳು ನೆಲಕ್ಕೆ ಕೆಡವಿದರು. ಮುರಿದ ಚುಕುಡುವಿನ ಹಿಡಿಯನ್ನೇ ಎತ್ತಿಕೊಂಡು ಒಬ್ಬ ಅವನ ಬಲಮೊಣಕಾಲಿಗೆ ಹೊಡೆದ. ಚಿಪ್ಪು ಪುಡಿಯಾಗುವ ಸದ್ದು ಸೆಬಾನಿಗೇ ಕೇಳಿಸಿತು. ಆಮೇಲೆ ಬರೆದ ಕೈಯನ್ನು ಕಲ್ಲಿನ ಮೇಲಿಟ್ಟು ಬಂದೂಕಿನ ಹಿಂಬದಿಯಿಂದ ಜಜ್ಜಿದರು, ಒಂದೊಂದೇ ಬೆರಳು. ಅಡ್ಡ ಬಂದ ಮುಕಾಂಡೋರಿಯ ಹೊಟ್ಟೆಗೆ ಒದ್ದರು. ಅವಳು ಮಡಚಿ ಬಿದ್ದು ಮತ್ತೆ ಎದ್ದಳು, ಮತ್ತೆ ಬಿದ್ದಳು. ಮೂರು ಮನೆಗಳಿಗೆ ಬೆಂಕಿ ಇಟ್ಟರು. ಆಗ ಎದುರು ಗುಡ್ಡದಿಂದ ಗುಂಡಿನ ಮಳೆ ಶುರುವಾಯಿತು. ಕಪ್ತಾನನ ಜನ ಪೆಟ್ಟಿಗೆಗಳನ್ನು ತಮ್ಮ ತಲೆಯ ಮೇಲೇ ಹೊತ್ತು, ಎಡವುತ್ತ, ಬೈದುಕೊಳ್ಳುತ್ತ ಊರು ಬಿಟ್ಟರು.

ಒಂದು ಬಾಗಿಲು ಕಿತ್ತು ಅದರ ಮೇಲೆ ಸೆಬಾನನ್ನು ಮಲಗಿಸಿ, ನಾಲ್ವರು ಹೆಂಗಸರು ಗೋಮಾಕ್ಕೆ ಹೊತ್ತರು. ಮುಂದಿನ ಮೂಲೆ ಮುಕಾಂಡೋರಿಯದು. ದಾರಿಯಲ್ಲಿ ಅವನು ಎಚ್ಚರಗೊಂಡು, "ಅಮ್ಮಾ, ಕ್ಷಮಿಸ್ದೆಯಾ?" ಎಂದು ಕೇಳಿದ.

"ಇಲ್ಲ. ಅಲ್ಲಾಡ್ಬೇಡ, ಭಾರವಾಗ್ತೀಯ."

ಆ ಮೊಣಕಾಲು ಮತ್ತೆ ಮಡಚಲಿಲ್ಲ. ಸೆಬಾ ಇನ್ನೆಂದೂ ಚುಕುಡು ಏರಲಿಲ್ಲ. ಓಡಿಹೋದವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಬದುಕಿ ಬಂದರು. ಹೊಸ ದಿಮ್ಮಿ ಕೆತ್ತಿಕೊಳ್ಳಲು ಕೆಲವರಿಗೆ ಎರಡು ವರ್ಷ ಹಿಡಿಯಿತು. ಬಿಗಾಬೊನ ಹೆಂಡತಿ ಇಂದಿಗೂ ಸೆಬಾ ಬಂದರೆ ರಸ್ತೆ ದಾಟುತ್ತಾಳೆ. ಅವನು ಅಧ್ಯಕ್ಷಗಿರಿ ಬಿಡುತ್ತೇನೆಂದಾಗ ಚುಕುಡುದಾರರು, ಅವನ ಕೆನ್ನೆಗೆ ಬಾರಿಸಿದವನೂ ಸೇರಿ, ಒಪ್ಪಲಿಲ್ಲ. ಬರೆಯುವ ಕೆಲಸ ಈಗ ಬೇರೊಬ್ಬನದು.

ಈಗಲೂ ಗುಡ್ಡದ ಕಡೆ ಗುಂಡಿನ ಸದ್ದು ಕೇಳಿದ ಮರುಬೆಳಗ್ಗೆ ಅವನು ಕೋಲೂರಿಕೊಂಡು ಮುಕಾಂಡೋರಿಯ ಅಂಗಳಕ್ಕೆ ಹೋಗುತ್ತಾನೆ. "ಮತ್ತೆ ಬಂದ್ಯಾ? ನಾನೇನ್ ನಿನ್ನ ಹೆತ್ತೋಳಾ?" ಎಂದು ಅವಳು ರೇಗುತ್ತಾಳೆ. ಬೈಯುತ್ತಲೇ ಕಾಲಿನಿಂದ ಒಂದು ಮಣೆಯನ್ನು ಅವನತ್ತ ತಳ್ಳುತ್ತಾಳೆ. ಅವನು ಸೆಟೆದ ಕಾಲನ್ನು ಮುಂದಕ್ಕೆ ಚಾಚಿ ಕೂತು, ಈ ಸಲದ ಕಷ್ಟವೇನೆಂದು ಹೇಳತೊಡಗುತ್ತಾನೆ.