ರೊಟ್ಟಿ ತಾಟು ಹೋಗುವಷ್ಟು ಕಿಟಕಿ

ಆ ಭಾನುವಾರ ನಾನು ನಮ್ಮ ಅಡುಗೆಮನೆಯ ಕಿಟಕಿಗೆ ಜಾಳಿಯ ಫ್ರೇಮ್ ಕೂರಿಸುತ್ತಿದ್ದೆ. ಹೆಂಡತಿ ಹಿಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಾಗಲೆಲ್ಲ ಅವಳು ತಿರುಗಿ ನನ್ನ ಕೆಲಸ ನೋಡುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು.

“ಊರ ಮಂದಿ ಕಿಟಕಿಗೆಲ್ಲಾ ಜಾಳಿ ಹಾಕಿ ಮುಗಿಸಿದ್ರಿ. ಇವತ್ತ ನಮ್ಮ ಮನಿ ಪಾಳಿ ಬಂತು ನೋಡ್ರಿ,” ಅಂದಳು.

ಸುಳ್ಳಲ್ಲ. ಸೊಳ್ಳೆ, ಮಂಗ ಒಳಗೆ ಬರದಂತೆ ಕಿಟಕಿಗಳಿಗೆ ಜಾಳಿಯ ಫ್ರೇಮ್ ಮಾಡುವುದೇ ನನ್ನ ಕಸುಬು. ರಾಯಾಪುರದ ಹತ್ತಿರ ನನ್ನದೊಂದು ಶೆಡ್ ಇದೆ. ಹಳೆಯ ಮನೆಗಳ ಕಿಟಕಿ ಕಣ್ಣಿಗೆ ನೆಟ್ಟಗೆ ಕಂಡರೂ ಎಲ್ಲೋ ಒಂದು ಕಡೆ ವಾಲಿರುತ್ತದೆ. ಅದಕ್ಕೆ ಅಗಲ, ಎತ್ತರ ಅಳೆದ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತೇನೆ. ಎರಡು ದಾರಗಳು ಸಮ ಬರದಿದ್ದರೆ ಫ್ರೇಮನ್ನೂ ಆ ಕಿಟಕಿಯಂತೆಯೇ ತುಸು ಓರೆಯಾಗಿ ಕತ್ತರಿಸಬೇಕು. ಕೂರಿಸಲು ಮೇಲೊಂದು, ಕೆಳಗೊಂದು ಫ್ರೇಮಿನ ಅಂಚು ಕೂರುವ ಚಾನಲ್ ಪಟ್ಟಿ ಹಾಕುತ್ತೇನೆ, ಮೇಲಿನದು ಹೆಚ್ಚು ಆಳ. ಫ್ರೇಮನ್ನು ಮೇಲಕ್ಕೆತ್ತಿ ಕೆಳಗೆ ಇಳಿಸಿ, ಒಳಗಿನಿಂದ ಒಂದು ಕೊಂಡಿ ತಿರುಗಿಸಿದರೆ ಆಯಿತು. ಮಂಗ ಜೋತುಬಿದ್ದು ಎಳೆದರೂ ಬರುವುದಿಲ್ಲ. ದೀಪಾವಳಿಗೆ ತೊಳೆಯಬೇಕೆಂದರೆ ಹೆಂಗಸರೇ ತೆಗೆದು ಮತ್ತೆ ಹಾಕಬಹುದು.

ನಮ್ಮ ಕಿಟಕಿಯ ತೊಡಕು ಮಾತ್ರ ಬೇರೆ ಇತ್ತು. ಕೇಶ್ವಾಪುರದ ನಮ್ಮ ಅಡುಗೆಮನೆಯ ಕಿಟಕಿಗೂ ಪಕ್ಕದ ಮನೆಯ ಹಿತ್ತಲ ಬಾಗಿಲಿಗೂ ನಡುವೆ ಒಬ್ಬರು ನಿಲ್ಲುವಷ್ಟು ಸಂದಿ. ಆ ಮನೆಯಾಕೆ ನನ್ನ ಹೆಂಡತಿಗಿಂತ ಸ್ವಲ್ಪ ಚಿಕ್ಕವಳು. ಇಬ್ಬರ ನಡುವೆ ದಿನವೂ ಆ ಕಿಟಕಿಯಲ್ಲಿ ವಾಟಗಾ, ಅಂದರೆ ಪಲ್ಯದ ಬಟ್ಟಲು, ಹೋಗಿ ಬರುತ್ತಿತ್ತು. ಅತ್ತಲಿಂದ ಬದನೆಕಾಯಿ ಪಲ್ಯ, ಇತ್ತಲಿಂದ ಬಿಸಿ ರೊಟ್ಟಿ. ತುಂಬಿ ಬಂದ ವಾಟಗಾ ಖಾಲಿ ಹಿಂತಿರುಗಬಾರದು ಎಂದು, ಏನೂ ಇಲ್ಲದ ದಿನ ಒಂದು ಚೂರು ಬೆಲ್ಲವಾದರೂ ಅದರಲ್ಲಿ ಇರುತ್ತಿತ್ತು. ಈ ವ್ಯವಹಾರಕ್ಕೆಂದೇ ಮದುವೆಯಾದ ಹೊಸತರಲ್ಲಿ ಅವಳು ನನ್ನಿಂದ ಕಿಟಕಿಯ ಸರಳುಗಳನ್ನು ತೆಗೆಸಿದ್ದಳು. ಈಗ ಮಂಗಕ್ಕೂ ಆ ದಾರಿ ಗೊತ್ತಾಗಿತ್ತು. ಹಿಂದಿನ ವಾರ ಅದು ರೊಟ್ಟಿಯ ಬುಟ್ಟಿಯನ್ನೇ ಎತ್ತಿಕೊಂಡು ಹೋಗಿತ್ತು.

“ಮಂಗ್ಯಾ ಬರಬಾರದು, ವಾಟಗಾ ನಿಲ್ಲಬಾರದು. ಹಂಗ ಮಾಡ್ರಿ,” ಎಂದು ಅಪ್ಪಣೆಯಾಗಿತ್ತು.

ಅದಕ್ಕೇ ಗಟ್ಟಿ ಸ್ಟೀಲಿನ ಜಾಳಿ ಹಾಕಿ, ಅದರ ಕೆಳಭಾಗದಲ್ಲಿ ಒಂದು ಪುಟ್ಟ ಬಾಗಿಲು ಇಟ್ಟೆ. ಚಿಲಕ ಒಳಗೆ ಮಾತ್ರ. ರೊಟ್ಟಿ ತಾಟಿನ ಅಗಲ, ದೊಡ್ಡ ವಾಟಗಾದ ಎತ್ತರ, ಅಷ್ಟೇ ಅಳತೆ. ಬಾಗಿಲು ದೊಡ್ಡದಾದಷ್ಟೂ ಮಂಗಕ್ಕೆ ಅನುಕೂಲ ಎಂಬುದು ನನ್ನ ಲೆಕ್ಕ.

ಫ್ರೇಮ್ ಕೂತಿತು. ಅವಳು ತಾಟಿನಲ್ಲಿ ರೊಟ್ಟಿ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಬಂದಳು. ಆಚೆ ಪಕ್ಕದಾಕೆ ಕೈಚಾಚಿ ನಿಂತಿದ್ದಳು. ತಾಟಿನ ಅಂಚು ಆಚೆ ಹೋಯಿತು, ಹಿಡಿದ ಕೈ ಹೋಗಲಿಲ್ಲ. ಹಸಿರು ಬಳೆಗಳು ಫ್ರೇಮಿಗೆ ತಗುಲಿ ಘಲ್ಲೆಂದವು.

“ತಾಟು ತಾನs ನಡಕೊಂತ ಹೋಗತೈತೇನ್ರಿ? ಹಿಡಿಯೋ ಕೈ ಬ್ಯಾಡೇನು?”

ಆಚೆಯವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಣ್ಣಾರು ಭಾಳ ಶಾಣ್ಯಾರ ಬಿಡ್ರಿ ಅಕ್ಕಾರ. ಮಂಗ್ಯಾನ ಕೂಡ ನಿಮ್ಮನ್ನೂ ಬಂದ್ ಮಾಡ್ಯಾರ!”

ನಾನೂ ನಕ್ಕೆ. ಫ್ರೇಮ್ ಇಳಿಸಿ, ಬಳೆ ಸಮೇತ ಕೈಯ ಅಳತೆ ಕೊಡು ಎಂದೆ.

“ಕೈ ಎಲ್ಲಾ ಹಿಟ್ಟಾಗೈತಿ. ನಾಳೆ ತಗೋರಿ. ನಾ ಎಲ್ಲಿ ಓಡಿ ಹೊಕ್ಕೀನಿ?”

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ನೀರು ತುಂಬುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮುತ್ತೈದೆಯಾಗಿ ಹೋದಳೆಂದು ಹೆಂಗಸರು ಕೈತುಂಬ ಬಳೆ ಇರಿಸಿಯೇ ಅವಳನ್ನು ಮಣ್ಣಿಗೆ ಕಳಿಸಿದರು.

ಆಮೇಲೂ ಪಕ್ಕದಾಕೆ ನನಗೆ ಊಟ ತರುವುದು ಬಿಡಲಿಲ್ಲ. ಆದರೆ ಈಗ ಓಣಿ ಸುತ್ತಿ ಮುಂಬಾಗಿಲಿಗೆ ಬರುತ್ತಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟು, “ಉಣ್ರಿ ಅಣ್ಣಾರ,” ಎಂದು ಹೊರಟುಬಿಡುತ್ತಿದ್ದಳು. ದುಃಖದ ಮನೆಗೆ ಬರುವ ರೀತಿ ಅದೇ, ತಪ್ಪೇನಿಲ್ಲ. ಆದರೆ ಅವಳು ಹಾಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಆ ಕಿಟಕಿ ಮುಚ್ಚಿಹೋಯಿತು ಎನಿಸುತ್ತಿತ್ತು. ಹೆಂಡತಿ ಇಷ್ಟು ವರ್ಷ ನಡೆಸಿಕೊಂಡು ಬಂದದ್ದು ನನ್ನ ಕೈಯಲ್ಲಿ ನಿಲ್ಲಬಾರದಿತ್ತು.

ಫ್ರೇಮ್ ಅಡುಗೆಮನೆಯ ಗೋಡೆಗೆ ಒರಗಿಯೇ ಇತ್ತು. ಮಂಗ ಮತ್ತೆ ಬರತೊಡಗಿತು. ಪುಟ್ಟ ಬಾಗಿಲು ಕಿತ್ತು ಪೂರ್ತಿ ಜಾಳಿ ಎಳೆದುಬಿಡುವುದು ಸುಲಭದ ಕೆಲಸ. ಬಾಗಿಲು ದೊಡ್ಡದು ಮಾಡೋಣವೆಂದರೆ, ಕೇಳಿದ ಅಳತೆ ಅವಳ ಜೊತೆಗೇ ಹೋಗಿತ್ತು. ಒಂದು ಭಾನುವಾರ ಜಾಳಿಯ ಸುರುಳಿ ಬಿಚ್ಚಿ ಕುಳಿತೆ. ಸಂದಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಪಕ್ಕದಾಕೆ ಕಿಟಕಿಯಲ್ಲಿ ಇಣುಕಿದಳು.

“ಏನ್ ಮಾಡಾಕತ್ತೀರಿ ಅಣ್ಣಾರ? ಆ ಬಾಗಲಾ ಮುಚ್ಚತೀರೇನು?”

“ಅಳತಿ ಸಿಗಲಿಲ್ಲ ತಂಗಿ.”

ಅವಳು ಕೈ ಒರೆಸಿಕೊಂಡು, ಎರಡೂ ಕೈಗಳನ್ನು ಬಳೆ ಸಮೇತ ಕಿಟಕಿಯೊಳಗೆ ಚಾಚಿದಳು. “ಅಕ್ಕಾರದೂ ನಂದೂ ಒಂದs ಅಳತಿರಿ. ಬಳಿಗಾರ ಬಂದಾಗ ಒಬ್ಬರ ಕೈ ನೋಡಿ ಇಬ್ಬರಿಗೂ ಬಳಿ ಇಡತಿದ್ದ. ತಗೋರಿ.”

ನಾನು ರೊಟ್ಟಿಯ ತಾಟು ತಂದು ಅವಳ ಕೈಗೆ ಕೊಟ್ಟೆ. ಹಿಡಿದ ಕೈಗಳ ಹೊರಗಿನಿಂದ ಟೇಪು ಹಿಡಿದೆ. ಅಳತೆ ಬರೆದುಕೊಂಡೆ.

ಅದೇ ವಾರ ಶೆಡ್ಡಿನಲ್ಲಿ ಬಾಗಿಲು ಅಗಲಿಸಿ ತಂದು, ಫ್ರೇಮನ್ನು ಕಿಟಕಿಗೆ ಕೂರಿಸಿದೆ. ಅಗಲವಾದದ್ದಕ್ಕೆ ಚಿಲಕ ಎರಡು ಹಾಕಿದೆ. ಮಂಗ ಬಂದು ಜೋತುಬಿದ್ದು ನೋಡಿತು, ಕೆಣಕಿತು, ಹೋಯಿತು. ಸಂಜೆ ಜಾಳಿಯ ಮೇಲೆ ವಾಟಗಾ ಬಡಿದ ಸದ್ದಾಯಿತು. ಹೆಸರುಕಾಳಿನ ಪಲ್ಯ ಬಂದಿತ್ತು. ವಾಟಗಾ ತೊಳೆದೆ, ಡಬ್ಬಿಯಲ್ಲಿ ಹುಡುಕಿ ಒಂದು ಚೂರು ಬೆಲ್ಲ ಹಾಕಿ ಕೊಟ್ಟೆ.

“ಇಷ್ಟs ಏನ್ರಿ? ಅಕ್ಕಾರ ದೊಡ್ಡದು ಹಾಕ್ತಿದ್ರು,” ಎಂದಳು. ನಾನು ಇನ್ನೊಂದು ಚೂರು ಹಾಕಿದೆ.

ಈಗ ವಾಟಗಾ ಸಂಜೆ ಮಾತ್ರ ಬರುತ್ತದೆ, ನಾನು ರಾಯಾಪುರದಿಂದ ಬಂದ ಮೇಲೆ. ಹಗಲಿನಲ್ಲಿ ಒಳಗಿನಿಂದ ಚಿಲಕ ತೆಗೆಯುವವರು ಮನೆಯಲ್ಲಿ ಇಲ್ಲ.